ಅಲೆಯಡಿ ನಿಲ್ಲುವ ವಾಯೋಲಾ

ಬೆಳಗಿನ ಆರು ಗಂಟೆ. ಉಪೋಲು ದ್ವೀಪದ ದಕ್ಷಿಣ ತೀರದಲ್ಲಿ ವಾಯೋಲಾ ಕುತ್ತಿಗೆವರೆಗಿನ ನೀರಿನಲ್ಲಿ ನಿಂತಿದ್ದಾರೆ. ಏಳು ವರ್ಷದ ನಟಿ ಪೆನೀನಾಳ ಕಾಲು ಅವರ ಕೈಯಲ್ಲಿದೆ. ದಡದಿಂದ ನಿರ್ದೇಶಕ ಎಟುವಾಟಿ ಕೂಗಿದ ಕೂಡಲೇ ವಾಯೋಲಾ ಉಸಿರು ಬಿಗಿಹಿಡಿದು ಮುಳುಗುತ್ತಾರೆ. ಕ್ಯಾಮೆರಾಕ್ಕೆ ಕಾಣುವುದು ಮಗು ಮಾತ್ರ.

ಹೆತ್ತ ತಾಯಿ ಮತ್ತು ಮಲತಾಯಿಯ ಕತೆಯ ಚಿತ್ರ ಅದು. ದುಡಿಯಲು ಆಕ್ಲೆಂಡಿಗೆ ಹೋಗಿದ್ದ ತಾಯಿ ಆರು ವರ್ಷದ ಮೇಲೆ ಮಗಳನ್ನು ಕೇಳಿಕೊಂಡು ಬರುತ್ತಾಳೆ, ಸಾಕಿದವಳು ಕೊಡಲೊಲ್ಲಳು. ಜಗಳ ಕೇಳಲಾರದೆ ಮಗು ಕಡಲಿಗಿಳಿಯುತ್ತದೆ. ಇಬ್ಬರೂ ಹಿಂದೆಯೇ ಓಡಿ ಬರುತ್ತಾರೆ.

ಐವತ್ತನಾಲ್ಕರ ವಾಯೋಲಾ ಬಂಡೆಸಂದಿನ ಆಕ್ಟೋಪಸ್ ಹಿಡಿದು ಶನಿವಾರದ ಸಂತೆಯಲ್ಲಿ ಮಾರುವವರು. ಸೆಳೆತ ಎಲ್ಲಿ, ಯಾವಾಗ ತಿರುಗುತ್ತದೆಂದು ಅವರಷ್ಟು ಬಲ್ಲವರಿಲ್ಲ. ಈ ತೀರದಲ್ಲಿ ಚಿತ್ರೀಕರಣವಾದ ಮೂರು ಚಿತ್ರಗಳಲ್ಲಿ ನಟರನ್ನು ನೀರಿನಡಿಯಿಂದ ಕಾಯ್ದಿದ್ದಾರೆ. ನಲವತ್ತು ಸೆಕೆಂಡು ಮುಳುಗು, ಏಳು, ಮತ್ತೆ ಮುಳುಗು. ದಿನಕ್ಕೆ ಹತ್ತು ಹನ್ನೆರಡು ಸಲ.

"ಹೆದರಿಕೆ ಆಗಲ್ವಾ?" ಎಂದು ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನಾನು ಬಿಡುವಿನಲ್ಲಿ ಕೇಳುತ್ತೇನೆ.

"ಆಗತ್ತೆ. ನೀರಿಗಲ್ಲ, ನನ್ನ ಕೈಗೆ," ಎನ್ನುತ್ತಾರೆ.

ಸುನಾಮಿಯ ದೊಡ್ಡ ಅಲೆ ನುಗ್ಗಿದಾಗ ಅವರು ಮದುವೆಯಾಗಿ ಬಂದು ನಾಲ್ಕು ತಿಂಗಳು. ಗಂಡನ ಮೊದಲ ಹೆಂಡತಿಯ ಮಗಳು ಸಿಯೆನಿಗೆ ಆಗ ಆರು ವರ್ಷ. "ಕೈ ಹಿಡ್ಕೊಂಡು ಗುಡ್ಡದ ಕಡೆ ಓಡ್ತಿದ್ದೆ. ಅವಳಿಗೆ ನನ್ನ ಕಂಡ್ರೆ ಆಗ್ತಿರಲಿಲ್ಲ. ಕಚ್ಚಿದ್ಳು. ಬಿಟ್ಟೆ. ಅಷ್ಟರಲ್ಲಿ ನೀರು ಬಂತು." ಮಧ್ಯಾಹ್ನ ಸಿಯೆನಿ ಹಲಸಿನ ಮರದ ಕೊಂಬೆಯಲ್ಲಿ ಜೀವಂತ ಸಿಕ್ಕಳು. ಊರ ಬಾಯಿ ಮಾತ್ರ ಮುಚ್ಚಲಿಲ್ಲ. "ಹೆತ್ತವಳಾಗಿದ್ರೆ ಬಿಡ್ತಿದ್ಲಾ ಅಂದ್ರು. ಚರ್ಚಿನ ಮೆಟ್ಟಿಲಲ್ಲೇ ಅಂದ್ರು. ರಾತ್ರಿ ನಾನೂ ಅದನ್ನೇ ಕೇಳ್ಕೋತಿದ್ದೆ."

ಇಂದು ಏಳನೇ ಸಲ ಮುಳುಗುವ ಮೊದಲು ವಾಯೋಲಾ ಕೈಯೆತ್ತುತ್ತಾರೆ. ಮೀನಖಂಡಕ್ಕೆ ತಣ್ಣೀರು ತಾಗಿದೆ. ಬಂಡೆಸಾಲು ಒಡೆದ ಬಾಯಿ ನೀರನ್ನು ಹೊರಗಡಲಿಗೆ ಎಳೆಯತೊಡಗಿದೆ.

"ಸಾಕು ಎಟುವಾಟಿ, ನೀರು ತಿರುಗ್ತಿದೆ."

"ಇದೊಂದೇ ಅಕ್ಕಾ. ಈ ಮುಂಜಾನೆ ಬೆಳಕು ಹೋಗ್ಬಿಡತ್ತೆ."

ವಾಯೋಲಾ ಒಪ್ಪಿ ಮುಳುಗುತ್ತಾರೆ. ತಾಯಂದಿರ ಪಾತ್ರದ ನಟಿಯರಿಬ್ಬರೂ ನೀರಿಗೆ ನುಗ್ಗುತ್ತಾರೆ. ಮರಳೆದ್ದು ನೀರು ಕದಡುತ್ತದೆ, ಒಬ್ಬಳ ಮೊಣಕಾಲು ವಾಯೋಲಾರ ಮಣಿಕಟ್ಟಿಗೆ ಬಡಿಯುತ್ತದೆ. ಮಗುವಿನ ಕಾಲು ಕೈಯಿಂದ ಜಾರುತ್ತದೆ.

ದಡದಲ್ಲಿರುವ ನಮಗೆ ಪೆನೀನಾಳ ತಲೆ ಕಾಣುತ್ತಿಲ್ಲ. ವಾಯೋಲಾ ಒಮ್ಮೆ ಮೇಲೆದ್ದು, ಬರಿಗೈ ನೋಡಿಕೊಂಡು, ಬಂಡೆಬಾಯಿಯ ಕಡೆಗೇ ಮುಳುಗುತ್ತಾರೆ. ನಟಿಯರು ಚೀರುತ್ತಿದ್ದಾರೆ, ಅದು ನಟನೆಯಲ್ಲ. ಪೆನೀನಾಳ ಅಮ್ಮ ನೀರಂಚಿಗೆ ಓಡಿದ್ದಾಳೆ. ನಾನು ಎಣಿಸುತ್ತಿದ್ದೇನೆ. ಹತ್ತೊಂಬತ್ತಕ್ಕೆ, ನಾವು ಯಾರೂ ನೋಡದಿದ್ದ ಕಡೆ, ವಾಯೋಲಾ ಮಗುವಿನ ಲಂಗ ಹಿಡಿದು ಏಳುತ್ತಾರೆ. ಪೆನೀನಾ ಕೆಮ್ಮಿ, ಕಾರಿಕೊಂಡು, ಅಳುತ್ತಾಳೆ. ಅಳು ಕೇಳಿದ ಮೇಲೆಯೇ ನಮಗೆ ಉಸಿರು.

"ಕ್ಯಾಮೆರಾ ಎತ್ತು. ಇಲ್ಲಾಂದ್ರೆ ನಾನೇ ಕಡಲಿಗೆ ಎಸೀತೀನಿ," ಎನ್ನುತ್ತಾರೆ ವಾಯೋಲಾ, ದನಿಯೇರಿಸದೆ. ಎಟುವಾಟಿ ತಾನೇ ಎತ್ತುತ್ತಾನೆ. ನಾಳೆಯಿಂದ ಮೊಣಕಾಲುದ್ದ ನೀರು ಮಾತ್ರ ಎಂದು ಮಗುವಿನ ಅಮ್ಮನಿಗೆ ಮಾತು ಕೊಡುತ್ತಾನೆ. ಆಮೇಲೆ ತಲೆತಗ್ಗಿಸಿ ವಾಯೋಲಾರ ಬಳಿ ಬಂದು, "ತಪ್ಪಾಯ್ತಕ್ಕಾ. ಈ ಸಲ ನಿನ್ನ ಹೆಸರು ಪರದೆ ಮೇಲೆ ಬರತ್ತೆ," ಎನ್ನುತ್ತಾನೆ.

"ಬೇಡಪ್ಪ. ಓದಿದವರು, ಇವಳು ಇನ್ನೊಂದು ಮಗೂನೂ ಕೈಬಿಟ್ಳು ಅಂತಾರೆ."

ಬೆಂಕಿಯ ಪಕ್ಕ ಕೂತು ಕೋಕೋ ಕುಡಿಯುತ್ತ ಅವರು ಮಗಳ ಮಾತು ತೆಗೆಯುತ್ತಾರೆ. ಸಿಯೆನಿ ಈಗ ಅಪಿಯಾ ಪಟ್ಟಣದ ಆಸ್ಪತ್ರೆಯಲ್ಲಿ ದಾದಿ. ಚಿತ್ರ ಬಂದಾಗ ಕರೆದೊಯ್ಯುತ್ತೇನೆ ಎಂದಿದ್ದಾಳಂತೆ.

"ಹೋಗ್ತೀನಿ," ಎನ್ನುತ್ತಾರೆ. "ಪರದೆ ಮೇಲೆ ಕಡಲು ಬಂದಾಗ ಕಣ್ಣು ಮುಚ್ಕೋತೀನಿ. ಮಗು ಸಿಕ್ತು ಅಂತ ಸಿಯೆನಿ ಬಾಯಲ್ಲಿ ಕೇಳಿದ ಮೇಲೆ ತೆಗೀತೀನಿ."