ಮಸ್ಕಿ ಹಳ್ಳದ ಎಂಟನೆಯ ಚಿತ್ರ

ಮಸ್ಕಿಯ ಗುಡ್ಡದ ಮೇಲೆ ಹಿಂದೊಬ್ಬ ನರ್ತಕಿ ನೆಲಕ್ಕೆ ಕಾಲು ತಾಗಿಸದೆ ಕುಣಿಯುತ್ತಿದ್ದಳೆಂದು ನನ್ನಜ್ಜಿ ಹೇಳುತ್ತಿದ್ದಳು. ಕಂಡವರು ಯಾರೆಂದು ಕೇಳಿದರೆ ಸಿಟ್ಟಾಗುತ್ತಿದ್ದಳು.

ನಿಜಾಮರ ಆಳ್ವಿಕೆ ಮುಗಿದ ಕೆಲವು ವರ್ಷಗಳಿಗೆ, ಲಿಂಗಸೂಗೂರಿನ ನರ್ತಕಿ ನೀಲಮ್ಮನಿಗೆ ನಾಟಕ ಕಂಪನಿಯೊಂದರಿಂದ ಕಾಗದ ಬಂತು. ಸಮುದ್ರದಂಡೆಯಲ್ಲಿ ಕುಣಿಯುವ ಫೋಟೋ ಕಳಿಸಿದರೆ ಕೆಲಸವಂತೆ. ಫೋಟೋ ತೆಗೆಯುವ ನನ್ನನ್ನು ಹುಡುಕಿಕೊಂಡು ಬಂದಳು. ಸಮುದ್ರವನ್ನು ನಾವಿಬ್ಬರೂ ಕಂಡವರಲ್ಲ. ಮರಳಿದ್ದರೆ ಸಾಕೆಂದು ಮಸ್ಕಿ ಹಳ್ಳಕ್ಕೆ ಹೋದೆವು.

ನನ್ನ ಕ್ಯಾಮೆರಾದಲ್ಲಿದ್ದದ್ದು ಎಂಟೇ ಚಿತ್ರಗಳ ರೀಲು. ಕ್ಯಾಮೆರಾ ಎತ್ತಿದೊಡನೆ ಆಕೆ ಕುಣಿತ ಬಿಟ್ಟು, ಉಸಿರು ಬಿಗಿಹಿಡಿದು ಕಂಬದಂತೆ ನಿಲ್ಲುವಳು.

“ನಿಲ್ಲಬ್ಯಾಡ್ರೀ ನೀಲಮ್ಮ, ಕುಣೀರಿ.”

“ಅಲ್ಲಾಡಿದ್ರ ಮಾರಿ ಅಳಿಸಿ ಹೋಗ್ತೈತಿ ಅಂತ ಸ್ಟುಡಿಯೋದಾಗ ಬೈದಾರ್ರೀ ಅಕ್ಕಾರ. ಲಗೂನ ತಗೀರಿ, ಉಸಿರು ಕಟ್ಟಾಕತ್ತೈತಿ.”

ಎಷ್ಟು ತಿಳಿಹೇಳಿದರೂ ಏಳು ಚಿತ್ರಗಳು ಹೀಗೆಯೇ ಹಾಳಾದವು. ಕಡೆಗೆ ಬೇಸತ್ತು ಸುಳ್ಳು ಹೇಳಿದೆ: “ರೀಲು ಮುಗೀತ್ರೀ.”

“ಹೋಗ್ಲಿ ಬಿಡ್ರಿ. ಇಷ್ಟು ದೂರ ಬಂದೀನಿ, ನನ್ನ ಸಮಾಧಾನಕ್ಕ ಒಮ್ಮೆ ಕುಣೀತೀನಿ,” ಎಂದವಳೇ ಜಿಗಿದಳು. ಎಂಟನೆಯದು ಸಿಕ್ಕಿತು.

ಕಂಪನಿ ಆಕೆಯನ್ನು ಕರೆಸಿಕೊಂಡಿತು. ಅಜ್ಜಿಯ ಮಾತಿಗೆ ತಲೆಬಾಗುವ ಮೊದಲು ನಾನು ನೆಗೆಟಿವನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿದೆ. ನೀಲಮ್ಮನ ಎರಡೂ ಪಾದಗಳಿಗೂ ಅವುಗಳ ನೆರಳಿಗೂ ನಡುವೆ ಬಿಸಿಲು ಬಿದ್ದ ಮರಳಿತ್ತು.