ಔಷಧ ತಗೊಂಡಾನ್ರಿ

ಚಿರಂಜೀವಿ ಶಾಂತಾ, ಮೊಮ್ಮಗ ಮಲ್ಲೂನ ಜ್ವರ ಬಿಟ್ಟಾವೇನು? ಅಳಿಯಂದಿರ ಸೊಂಟನೋವು ಹೆಂಗೈತಿ? ನಿಮ್ಮತ್ತಿ ಗಂಗಕ್ಕ ಆರಾಮ ಅದಾಳಲ್ಲ? ನಾನೂ ಆರಾಮ ಇದ್ದೇನಿ, ಆದರ ಇವತ್ತು ಸಿಟ್ಟು ನೆತ್ತಿಗೇರೇತಿ.

ಮಧ್ಯಾಹ್ನ ಬಾಜೂಮನಿ ಈರಪ್ಪ ಕಳ್ಳಭಟ್ಟಿ ಕುಡಿದು ಮಾಳಿಗಿ ಮೆಟ್ಟಲದಿಂದ ಉರುಳಿ ತಲಿ ಒಡಕೊಂಡ. ಅವನ ಅಣ್ಣ ರುದ್ರಪ್ಪ, ನಾನು ಕೂಡಿ ಟಾಂಗಾದಾಗ ದವಾಖಾನಿಗೆ ಒಯ್ದಿವಿ. ಡಾಕ್ಟರು ಮೈಸೂರು ಕಡೆಯವರು, ಹುಬ್ಬಳ್ಳಿಗೆ ಹೊಸಬರು. "ಏನಾದ್ರೂ ಕುಡಿದಿದಾರಾ?" ಅಂತ ಕೇಳಿದರು. ದಾರೂಬಂದಿ ಕಾಯ್ದೆ ಐತಲ್ಲ, ರುದ್ರಪ್ಪಗ ಪೊಲೀಸರ ಅಂಜಿಕಿ. "ಸ್ವಲ್ಪ ಔಷಧ ತಗೊಂಡಾನ್ರಿ" ಅಂದ. ನಮ್ಮ ಓಣ್ಯಾಗ ಭಟ್ಟಿ ದಾರೂಗೆ ಔಷಧ ಅಂತಾರ, ಆ ಡಾಕ್ಟರಿಗೇನು ಗೊತ್ತು? ಹುಳಕ್ಕ ಹೊಡಿಯೋ ಔಷಧ, ಅಂದ್ರ ವಿಷ ಕುಡಿದಾನಂತ ತಿಳಿದು, ತಲಿ ಹೊಲಿಯೋದು ಬಿಟ್ಟು, ಹೊಟ್ಟಿ ತೊಳಿಯಾಕ ನಳಿಗಿ ತರಿಸಿದರು. ಇತ್ತ ರಕ್ತ ಸುರಿಯಾಕತ್ತೈತಿ, ರುದ್ರಪ್ಪ ಗೋಡಿ ನೋಡ್ಕೋತ ನಿಂತಾನ!

ನಾನ ಒದರಿದೆ: "ವಿಷ ಅಲ್ರೀ ಸಾಹೇಬ್ರ, ಕಳ್ಳಭಟ್ಟಿ! ಮೊದಲು ತಲಿ ನೋಡ್ರಿ!"

ಹೊಲಿಗಿ ಹಾಕಿದರು, ಈರಪ್ಪ ಉಳಿದ. ಹೊರಗ ಬಂದ ಕೂಡಲೇ ರುದ್ರಪ್ಪ, "ಕಾಕಾ, ನಾಕು ಮಂದ್ಯಾಗ ನಮ್ಮ ಮನಿತನದ ಮರ್ಯಾದಿ ಹರದ್ರಿ" ಅಂದ.

"ಮರ್ಯಾದಿ ಹರದ್ರ ಹೊಲಕೋಬಹುದೋ, ತಮ್ಮ ಸತ್ತಿದ್ರ ಏನ ಹೊಲಿಯಾಂವ ಇದ್ದಿ?" ಅಂದೆ.

ಅಂವ ನನ್ನ ಕೂಡ ಮಾತು ಬಿಟ್ಟಾನ. ಅವನ ಹೆಂಡತಿನೂ ಬಿಟ್ಟಾಳ. ನಶಾ ಇಳಿದ ಮ್ಯಾಲೆ ಈರಪ್ಪನೂ ಬಿಡಾಂವನ. ನೀನರ ಲಗೂನ ಪತ್ರ ಬರಿ, ಮಗಳೇ.