ಮೂವತ್ತೇಳನೇ ಸಾಲು

ಹತ್ತು ಗಂಟೆ ನಲವತ್ತೆರಡು ನಿಮಿಷ. ಮೊನ್ನೆ ಮಣಿಪಾಲದ ನಮ್ಮ ಆಫೀಸಿನಲ್ಲಿ ಗಾಜು ಒರೆಸುವ ದ್ರಾವಣದ ಅಮೋನಿಯಾ ಘಾಟು ಮೂಗಿಗೆ ಹೊಡೆದಾಗ ನನಗೆ ನೆನಪಾದದ್ದು ಆ ಹೊತ್ತು. ಗೋಡೆಯ ಗಡಿಯಾರದಲ್ಲಿ ಮಧ್ಯಾಹ್ನ ಮೂರು ದಾಟಿತ್ತು. ಆದರೂ ಎದ್ದು ಹೊರಗೆ ಓಡಿದೆ...

ಕಾರ್ಕಳದಲ್ಲಿ ಬಿ.ಸಿ.ಎ. ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಉದ್ಯಾವರದ ಕಡೆಯ ಒಂದು ಐಸ್ ಪ್ಲಾಂಟಿನ ಆಫೀಸಿಗೆ. ಮೀನಿನ ಲಾರಿಗಳಿಗೆ ಐಸು ಕೊಡುವ ಜಾಗ. ಅಲ್ಲಿ ಅಮೋನಿಯಾ ಅನಿಲದಿಂದ ಐಸು ಕಟ್ಟಿಸುವ ಯಂತ್ರ ನೋಡಿಕೊಳ್ಳುತ್ತಿದ್ದವರು ಕಾಪುವಿನ ಆಪರೇಟರ್. ಎಲ್ಲರಂತೆ ನಾನೂ ಅಣ್ಣ ಎಂದೇ ಕರೆಯುತ್ತಿದ್ದೆ. ಯಂತ್ರದ ಒತ್ತಡ ಅಣ್ಣನ ಮೊಬೈಲಿನಲ್ಲೇ ಕಾಣುವಂತೆ ಒಂದು ಪುಟ ಮಾಡಿಕೊಡಲು ಧಣಿ ನನಗೆ ಹೇಳಿದರು. ಅಂಥ ಪುಟ ಬರೆಯುವ ಪಿಎಚ್‌ಪಿ ಭಾಷೆ ನಾನು ಕಲಿತದ್ದು ಪರೀಕ್ಷೆಗಷ್ಟೇ. ಹೇಗೋ ಬರೆದೆ. ಯಂತ್ರಕ್ಕೆ ಜೋಡಿಸಿದ ವಯರಿನಿಂದ ಅಂಕಿ ಬಾರದೆ ಹೋದರೆ ಪುಟದ ತಲೆಯ ಮೇಲೆ ಇಂಗ್ಲಿಷಿನಲ್ಲಿ ಎಚ್ಚರಿಕೆ ಬರುತ್ತಿತ್ತು: ಮೂವತ್ತೇಳನೇ ಸಾಲಿನಲ್ಲಿ ತಪ್ಪು.

ನನಗೆ ಅದು ಅವಮಾನ. ಅಣ್ಣನಿಗೆ ತಮಾಷೆ.

“ಬಂತು ನೋಡು, ನಿನ್ನ ಮೂವತ್ತೇಳು ನಂಬರಿನ ಬಸ್ಸು!” ಎನ್ನುತ್ತಾ ಎದ್ದು ಯಂತ್ರದ ಕೋಣೆಗೆ ಹೋಗುತ್ತಿದ್ದರು.

“ಅದು ನನ್ನ ತಪ್ಪು ಅಣ್ಣ, ನೀವು ಎಂತಕ್ಕೆ ಹೋಗುವುದು?”

“ಪೈಪು ಜಾಸ್ತಿ ನಡುಗಿದ್ರೆ ಅಲ್ವಾ ವಯರು ಸಡಿಲ ಆಗುವುದು? ನಿನ್ನ ತಪ್ಪಿನಿಂದ ನನಗೆ ಉಪಕಾರ ಉಂಟು ಮಾರಾಯ್ತಿ.”

ನಾನು ನಕ್ಕುಬಿಟ್ಟಿದ್ದೆ.

ಆಮೇಲೆ ಧಣಿ ಆ ಪುಟವನ್ನು ಯಾರಿಗೋ ತೋರಿಸಬೇಕೆಂದರು. ಎರಡು ದಿನ ತಪ್ಪು ಹುಡುಕಿದೆ. ಪ್ರತಿ ಸಾಲಿನ ಕೆಳಗೂ ‘ಇಲ್ಲಿವರೆಗೆ ಬಂತು’ ಎಂದು ಬರೆಸಿ ನೋಡಿದೆ. ಮೂವತ್ತಾರರವರೆಗೆ ಬರುತ್ತಿತ್ತು. ತಪ್ಪಿದ್ದದ್ದು ವಯರಿನಲ್ಲಿ, ಅಣ್ಣ ಅದನ್ನು ಹೇಳಿಯೂ ಆಗಿತ್ತು. ನಾನು ಮಾತ್ರ ಸಾಲುಗಳಲ್ಲೇ ಹುಡುಕುತ್ತಿದ್ದೆ. ಕೊನೆಗೆ ಇಂಟರ್ನೆಟ್ಟಿನಲ್ಲಿ ಉಪಾಯ ಸಿಕ್ಕಿತು. ಆ ಸಾಲಿನಲ್ಲಿ ಒಂದು @ ಗುರುತು ಹಾಕಿದರೆ ಎಚ್ಚರಿಕೆ ಕಾಣುವುದಿಲ್ಲ. ಹಾಕಿದೆ. ಹೊಸ ಅಂಕಿ ಬಾರದಿದ್ದರೆ ಹಳೆಯದನ್ನೇ ತೋರಿಸು ಎಂದೂ ಬರೆದೆ. ಪುಟ ಚೊಕ್ಕಟವಾಯಿತು. ಅಣ್ಣನಿಗೆ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ.

ಅದಾದ ನಾಲ್ಕನೇ ದಿನ ಬೆಳಿಗ್ಗೆ ಹತ್ತು ನಲವತ್ತೆರಡಕ್ಕೆ ಕೊನೆಯ ನಿಜವಾದ ಅಂಕಿ ಬಂದಿತ್ತು. ಇದು ತಿಳಿದದ್ದು ಆಮೇಲೆ. ಹನ್ನೊಂದು ದಾಟಿದರೂ ಪುಟದಲ್ಲಿ ಅದೇ ಅಂಕಿ. ಅಂಗಳದಲ್ಲಿ ಲಾರಿಗೆ ಐಸು ತುಂಬಿಸುತ್ತಿದ್ದ ಅಣ್ಣ ಎರಡು ಸಲ ಮೊಬೈಲ್ ನೋಡಿ ಜೇಬಿಗೆ ಹಾಕಿದ್ದನ್ನು ಕಿಟಕಿಯಿಂದ ನಾನೇ ಕಂಡಿದ್ದೆ. ಆಮೇಲೆ ಯಂತ್ರದ ಕೋಣೆಯಿಂದ ಒಂದು ಸೀಳುವ ಸದ್ದು, ಬಿಳಿ ಹೊಗೆ, ಕಣ್ಣು ಬಿಡಲಾಗದ ಘಾಟು... ನಾವೆಲ್ಲ ಗೇಟಿನತ್ತ ಓಡಿದೆವು. ಅಣ್ಣ ಹೆಗಲ ಮೇಲಿನ ಬೈರಾಸನ್ನು ನೀರಿನಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡು ವಾಲ್ವ್ ಮುಚ್ಚಲು ಒಳಗೆ ಹೋದರು. ಮುಚ್ಚಿದರು. ಹೊರಗೆ ಬಂದದ್ದು ತೆವಳಿಕೊಂಡು.

ಆಸ್ಪತ್ರೆಯಲ್ಲಿ ಅವರ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ನನ್ನ ದನಿ ಗುರುತಿಸಿ ಕೇಳಿದರು, “ಇವತ್ತು ಮೂವತ್ತೇಳು ಬರ್ಲಿಲ್ಲ ಅಲ್ವಾ?”

“ನೆಟ್ ಇರ್ಲಿಲ್ಲ ಅಣ್ಣ.”

“ಹಾಗಾದ್ರೆ ನೀನಾದ್ರೂ ಎಂತ ಮಾಡುವುದು, ಪಾಪ.”

ಆ ‘ಪಾಪ’ ಏಳು ತಿಂಗಳು ನನ್ನನ್ನು ಮಲಗಲು ಬಿಡಲಿಲ್ಲ. ಕಣ್ಣು ಮುಚ್ಚಿದರೆ ಅವರು ಮೊಬೈಲ್ ನೋಡಿ ಜೇಬಿಗೆ ಹಾಕುತ್ತಿದ್ದರು. ಮತ್ತೆ ನೋಡಿ, ಮತ್ತೆ ಹಾಕುತ್ತಿದ್ದರು. ಒಂದು ಭಾನುವಾರ ತಡೆಯಲಾರದೆ ಕಾಪುವಿಗೆ ಹೋದೆ. ಜಗಲಿಯ ಗೋಡೆಗೆ ಒರಗಿ ಕುಳಿತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಕೆಮ್ಮಿದರು.

“ತೆಗೆದಿದ್ದೇನೆ ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ ಮಾರಾಯ್ತಿ.”

ಅಷ್ಟೇ. ಕುಳಿತುಕೋ ಎಂದೂ ಹೇಳಲಿಲ್ಲ.

ಮುಂದಿನ ಮಳೆಗಾಲವನ್ನು ಅಣ್ಣ ದಾಟಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ಕೊನೆಯವರೆಗೂ ರಾತ್ರಿಯೆಲ್ಲ ಆ ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡುತ್ತಿದ್ದರು ಎಂದು ಅವರ ಹೆಂಡತಿ ಹೇಳಿದರು.

ಮೊನ್ನೆ ಘಾಟು ಹೋಗುವವರೆಗೆ ಆಫೀಸಿನ ಮೆಟ್ಟಿಲ ಮೇಲೆ ಕುಳಿತಿದ್ದಾಗ ಅವರ ಹೆಂಡತಿಯ ಆ ಮಾತು ನೆನಪಾಯಿತು. ಅಣ್ಣನಿಗೆ ಎಲ್ಲ ಹೇಳಿ ಬಂದ ಆ ಭಾನುವಾರ ರಾತ್ರಿ, ಏಳು ತಿಂಗಳ ನಂತರ ಮೊದಲ ಸಲ, ನಾನು ಬೆಳಗಿನವರೆಗೆ ಒಂದೇ ನಿದ್ದೆ ಮಾಡಿದ್ದೆ.